ಕೊಂದವನ ಕತೆಯೊಳಗೆ ಸತ್ತವನ ಕತೆ

ಸ್ಪಾರ್ಟಕಸ್ ಯಾರು ಅಂತ ಗೊತ್ತಿಲ್ಲದ ಗೆಳೆಯರು ನಮ್ಮ ಬಳಗದಲ್ಲಿ ಕಡಿಮೆ. ಮೆರವಣಿಗೆಗಳಲ್ಲಿ ಅವನ ಹೆಸರು ಕೂಗಿದ್ದೇವೆ. ಕವನಗಳಿಗೆ ಅವನನ್ನು ಎಳೆದು ತಂದಿದ್ದೇವೆ; ಅವನಿಗೆ ಅಲ್ಲಿ ಏನೂ ಕೆಲಸ ಇಲ್ಲದಿದ್ದಾಗಲೂ ಎಳೆದು ತಂದಿದ್ದೇವೆ. ಆದರೆ ಅವನ ಕತೆಯನ್ನು ನಮಗೆ ಉಳಿಸಿಕೊಟ್ಟವರು ಯಾರು ಅಂತ ಯಾವತ್ತೂ ಕೇಳಿಕೊಂಡಿರಲಿಲ್ಲ. ಈಚೆಗೆ ಕೇಳಿಕೊಳ್ಳಬೇಕಾಗಿ ಬಂತು. ಸಂಘದ ಗೆಳೆಯರು ರಾತ್ರಿಶಾಲೆಗಳಿಗಾಗಿ, ಹಾಸ್ಟೆಲ್ಲಿನ ಹುಡುಗ ಹುಡುಗಿಯರಿಗಾಗಿ ಲೋಕದ ಬಂಡುಕೋರರ ಬಗ್ಗೆ ಕಿರುಹೊತ್ತಿಗೆಗಳನ್ನು ತರಬೇಕೆಂದು ತೀರ್ಮಾನಿಸಿ, ಒಂದೊಂದು ಹೆಸರನ್ನು ಒಬ್ಬೊಬ್ಬರ ಕೈಗೆ ಕೊಟ್ಟರು. ನಮ್ಮ ಪಾಲಿಗೆ ಬಂದದ್ದು ಹೈಟಿಯ ತೂಸಾಂ ಲುವೆರ್ತೂರ್. ಬರೆಯೋಕೆ ಕೂತ ಮೇಲೆ ಗೊತ್ತಾಯಿತು, ದೊಡ್ಡವರ ಚರಿತ್ರೆ ಬರೆಯುವುದಕ್ಕೆ ಎರಡು ಸಾವಿರ ವರ್ಷದಿಂದ ಒಂದು ಅಚ್ಚು ತಯಾರಾಗಿ ಕೂತಿದೆ. ಹೆಸರು ಬದಲಾಯಿಸಿ ಮಣ್ಣು ತುಂಬಿದರೆ ಸಾಕು, ಇಟ್ಟಿಗೆ ತಾನಾಗೇ ಬೀಳುತ್ತದೆ. ಈ ಲೇಖನ ಆ ಅಚ್ಚಿನ ಬಗ್ಗೆ, ಮತ್ತು ಒಂದೇ ಒಂದು ಪುಟದ ವಿಷಯದಲ್ಲಿ ಗೆಳೆಯರಿಗೂ ನಮಗೂ ಬಿದ್ದಿರುವ ಜಗಳದ ಬಗ್ಗೆ.

ಮೊದಲು ಸ್ಪಾರ್ಟಕಸ್‌ಗೆ ಬರೋಣ. ಹಳೆಯ ಕಾಲದವರು ಅವನಿಗೆ ಅಂತಲೇ ಬರೆದ ಜೀವನಚರಿತ್ರೆ ಒಂದೂ ಉಳಿದಿಲ್ಲ. ಅವನು ಸತ್ತು ನೂರೈವತ್ತು ವರ್ಷ ದಾಟಿದ ಮೇಲೆ ಪ್ಲುಟಾರ್ಕ್ ಎಂಬ ಗ್ರೀಕ್ ಪಂಡಿತ ದೊಡ್ಡ ದೊಡ್ಡವರ ಚರಿತ್ರೆಗಳನ್ನು ಜೋಡಿ ಜೋಡಿಯಾಗಿ ಬರೆದ. ಒಬ್ಬ ಗ್ರೀಕ, ಒಬ್ಬ ರೋಮನ್. ಅಲೆಕ್ಸಾಂಡರ್, ಸೀಸರ್ ಎಲ್ಲರೂ ಅಲ್ಲಿದ್ದಾರೆ. ಇವತ್ತಿಗೂ ಜೀವನಚರಿತ್ರೆ ಬರೆಯುವ ಕಸುಬಿಗೆ ಅವನೇ ಮೂಲಪುರುಷ. ಅವನ ಪುಸ್ತಕದಲ್ಲಿ ಸ್ಪಾರ್ಟಕಸ್ ಎಲ್ಲಿದ್ದಾನೆ ಅಂದರೆ, ಕ್ರಾಸಸ್ ಎಂಬುವನ ಚರಿತ್ರೆಯ ಒಳಗೆ. ಕ್ರಾಸಸ್ ಯಾರು? ಸ್ಪಾರ್ಟಕಸ್ಸನ ದಂಗೆಯನ್ನು ಮುರಿದ ರೋಮಿನ ಸೇನಾಪತಿ. ಆ ಊರಿನ ಅತಿ ದೊಡ್ಡ ಸಾಹುಕಾರ. ಎಲ್ಲಾದರೂ ಮನೆಗೆ ಬೆಂಕಿ ಬಿದ್ದರೆ ಅಲ್ಲಿಗೆ ಹೋಗಿ ಉರಿಯುತ್ತಿರುವ ಮನೆಯನ್ನೂ ಅಕ್ಕಪಕ್ಕದ ಮನೆಗಳನ್ನೂ ಕವಡೆ ಕಾಸಿಗೆ ಬರೆಸಿಕೊಳ್ಳುತ್ತಿದ್ದ, ಆಮೇಲೆ ತನ್ನ ಗುಲಾಮರಿಂದಲೇ ಕಟ್ಟಿಸುತ್ತಿದ್ದ ಅಂತ ಪ್ಲುಟಾರ್ಕನೇ ಬರೆಯುತ್ತಾನೆ. ಬರಗಾಲದಲ್ಲಿ ರಾಗಿ ಕೊಟ್ಟು ಜಮೀನು ಬರೆಸಿಕೊಂಡವರನ್ನು ಕಂಡಿರುವ ನಮಗೆ ಈ ಮನುಷ್ಯನನ್ನು ಯಾರೂ ಪರಿಚಯ ಮಾಡಿಸಿಕೊಡಬೇಕಾಗಿಲ್ಲ.

ಅಂಥವನ ಕತೆಯ ನಡುವೆ ನಾಲ್ಕು ಸಣ್ಣ ಅಧ್ಯಾಯ ನಮ್ಮ ಸ್ಪಾರ್ಟಕಸ್‌ಗೆ. ಕ್ರಾಸಸ್ ಗೆಲ್ಲಬೇಕಾದರೆ ಸೋಲುವವನೊಬ್ಬ ಬೇಕಲ್ಲ, ಅದಕ್ಕಾಗಿ ಅವನು ಅಲ್ಲಿದ್ದಾನೆ. ಅವನನ್ನು ಯಾರು ಕೊಂದರೋ ಅವರ ಹೆಸರಿನ ಪುಸ್ತಕದಲ್ಲಿ ಅವನು ಬದುಕಿದ್ದಾನೆ. ಗುಲಾಮರ ಮಟ್ಟಿಗೆ ಗೆದ್ದ ಮೇಲೂ ಮರ್ಯಾದೆ ಪೂರ್ತಿ ಸಿಗುವುದಿಲ್ಲ ಎನ್ನುವುದು ಇನ್ನೊಂದು ತಮಾಷೆ. ಗುಲಾಮರನ್ನು ಗೆದ್ದದ್ದು ಏನು ಮಹಾ ಅಂತ ರೋಮ್ ಕ್ರಾಸಸ್‌ಗೆ ದೊಡ್ಡ ವಿಜಯೋತ್ಸವ ಕೊಡಲಿಲ್ಲ, ಚಿಕ್ಕದರಲ್ಲಿ ಮುಗಿಸಿತು. ಸೋಲಿಸುವುದಕ್ಕೂ ನಾವು ಅಂತಸ್ತಿಗೆ ಕಡಿಮೆ!

ಪ್ಲುಟಾರ್ಕ್ ಕೆಟ್ಟವನೇನಲ್ಲ. ಸ್ಪಾರ್ಟಕಸ್ಸನನ್ನು ಮೆಚ್ಚುತ್ತಾನೆ. ಮೆಚ್ಚುವ ರೀತಿ ನೋಡಿ. ಬುದ್ಧಿಯಲ್ಲಿ, ಸೌಜನ್ಯದಲ್ಲಿ ಅವನು ತನ್ನ ಹುಟ್ಟಿಗೆ ಮೀರಿದವನು, ಥ್ರೇಸಿನವನು ಅನ್ನುವುದಕ್ಕಿಂತ ಗ್ರೀಕನ ಹಾಗಿದ್ದ ಅನ್ನೋ ಅರ್ಥದ ಮಾತು ಬರುತ್ತದೆ. ಈ ಹೊಗಳಿಕೆ ನಮ್ಮ ಕಿವಿಗೆ ಹೊಸದೇ? ‘ನಿನ್ನ ನೋಡಿದರೆ ಆ ಜಾತಿಯವನು ಅನ್ನಿಸೋದೇ ಇಲ್ಲ ಕಣಯ್ಯ’ ಅಂತ ಕಾಲೇಜಿನಲ್ಲಿ ಪ್ರೀತಿಯಿಂದಲೇ ಹೇಳಿಸಿಕೊಂಡವರು ಈ ಪತ್ರಿಕೆಯ ಓದುಗರಲ್ಲಿ ಎಷ್ಟು ಮಂದಿ ಇಲ್ಲ? ಬಂಡುಕೋರ ದೊಡ್ಡವನಾಗಬೇಕಾದರೆ ಮೊದಲು ಅವನನ್ನು ಅವನ ಜನರಿಂದ ಎತ್ತಿ ಬೇರೆ ಇಡಬೇಕು. ಅಚ್ಚಿನ ಮೊದಲ ಮಗ್ಗುಲು ಇದು.

ಎರಡನೆಯದು ಹಾವು. ಮಾರಾಟಕ್ಕೆ ರೋಮಿಗೆ ತಂದಾಗ ಮಲಗಿದ್ದ ಸ್ಪಾರ್ಟಕಸ್ಸನ ಮುಖದ ಮೇಲೆ ಹಾವೊಂದು ಸುತ್ತಿಕೊಂಡಿತ್ತಂತೆ. ಅದು ಮಹಾಶಕ್ತಿಯ ಸೂಚನೆ ಅಂತ ಅವನ ಹೆಂಡತಿ ಕಣಿ ಹೇಳಿದಳಂತೆ. ದನ ಕಾಯೋ ಹುಡುಗ ಮರದಡಿ ಮಲಗಿದ್ದಾಗ ನಾಗರಹಾವು ಹೆಡೆ ಬಿಚ್ಚಿ ನೆರಳು ಹಿಡಿಯಿತು, ಆಮೇಲೆ ಅವನು ರಾಜನಾದ ಅನ್ನೋ ಕತೆ ನಮ್ಮ ಅಜ್ಜಿಯರೂ ಹೇಳಿದ್ದಾರೆ. ಹಾವಿಗೆ ದೇಶಭಾಷೆಯಿಲ್ಲ. ಎಲ್ಲಾ ಕಡೆಯೂ ಅದು ಒಂದೇ ಕೆಲಸ ಮಾಡುತ್ತದೆ: ಈ ಮನುಷ್ಯ ಏನು ಮಾಡಿದನೋ ಅದು ಅವನು ಮಾಡಿದ್ದಲ್ಲ, ಅವನ ಹಣೆಯಲ್ಲಿ ಬರೆದಿತ್ತು ಅಂತ ಸಾಕ್ಷಿ ಹೇಳುವುದು. ಕಣಿ ಹೇಳಿದ ಆ ಹೆಂಗಸು ಅವನದೇ ಕುಲದವಳು, ಅವನ ಜೊತೆಗೇ ಓಡಿಬಂದವಳು. ಅವಳ ಹೆಸರನ್ನು ಪ್ಲುಟಾರ್ಕ್ ಬರೆಯಲಿಲ್ಲ.

ಹಾವನ್ನು ಪಕ್ಕಕ್ಕಿಟ್ಟರೆ ಉಳಿಯುವುದೇ ನಮಗೆ ಬೇಕಾದದ್ದು. ಕ್ರಿ.ಪೂ. 73ರಲ್ಲಿ ಕಾಪುವಾ ಊರಿನ ಕಾಳಗದ ಶಾಲೆಯಿಂದ ಎಪ್ಪತ್ತೆಂಟು ಮಂದಿ ಓಡಿದರು. ಕೈಯಲ್ಲಿದ್ದದ್ದು ಅಡುಗೆಮನೆಯ ಮಚ್ಚು, ಮಾಂಸ ಸುಡುವ ಕಂಬಿ. ವೆಸೂವಿಯಸ್ ಬೆಟ್ಟದ ಮೇಲೆ ಮುತ್ತಿಗೆಯಾದಾಗ ಕಾಡು ದ್ರಾಕ್ಷಿಯ ಬಳ್ಳಿಯಲ್ಲಿ ಏಣಿ ಹೆಣೆದು ಹಿಂಬದಿಯಿಂದ ಇಳಿದು ರೋಮಿನ ಪಡೆಯನ್ನು ಹೊಡೆದರು. ಇನ್ನೊಬ್ಬ ಹಳೆಯ ಚರಿತ್ರಕಾರ ಅಪ್ಪಿಯನ್ ಹೇಳುವ ಎರಡು ವಿವರ ನಮಗೆ ಆ ಹಾವಿಗಿಂತ ದೊಡ್ಡವು. ಲೂಟಿಯನ್ನು ಸ್ಪಾರ್ಟಕಸ್ ಎಲ್ಲರಿಗೂ ಸಮನಾಗಿ ಹಂಚುತ್ತಿದ್ದ, ಅದಕ್ಕೇ ಜನ ಬಂದು ಸೇರಿದರು. ವ್ಯಾಪಾರಿಗಳು ಪಾಳೆಯಕ್ಕೆ ಬೆಳ್ಳಿ ಬಂಗಾರ ತರಕೂಡದು, ತನ್ನವರೂ ಇಟ್ಟುಕೊಳ್ಳಕೂಡದು, ಕಬ್ಬಿಣ ತಾಮ್ರ ಇದ್ದರೆ ಕೊಳ್ಳುತ್ತೇವೆ ಎಂದ. ಒಂದು ಚಳವಳಿ ಹೇಗೆ ನಡೆಯಿತು, ಅನ್ನ ಹೇಗೆ ಹಂಚಿದರು, ದುಡ್ಡನ್ನು ಏನು ಮಾಡಿದರು ಅನ್ನೋದು ಇಲ್ಲಿದೆ. ಸಂಘಟನೆ ಕಟ್ಟಿ ಎರಡೇ ವರ್ಷದಲ್ಲಿ ಚಂದಾ ಲೆಕ್ಕಕ್ಕೆ ಒಡೆದುಹೋದ ಗುಂಪುಗಳನ್ನು ಕಂಡವರಿಗೆ ಈ ಎರಡು ಸಾಲು ಎಷ್ಟು ಮುಖ್ಯ ಅಂತ ಗೊತ್ತು. ಆದರೆ ನಮ್ಮ ಕವನಗಳಲ್ಲಿ ಕತ್ತಿ ಬಂದಿದೆ, ಕಬ್ಬಿಣದ ಲೆಕ್ಕ ಬಂದಿಲ್ಲ.

ಕ್ರಿ.ಪೂ. 71ರಲ್ಲಿ ಸೋತಾಗ ಸ್ಪಾರ್ಟಕಸ್ಸನ ಹೆಣ ಸಿಗಲಿಲ್ಲ. ಸೆರೆಸಿಕ್ಕ ಆರು ಸಾವಿರ ಮಂದಿಯನ್ನು ಕಾಪುವಾದಿಂದ ರೋಮಿನವರೆಗೆ ದಾರಿಯುದ್ದಕ್ಕೂ ಶಿಲುಬೆಗೆ ಹಾಕಿಸಿದ ಕ್ರಾಸಸ್. ಸುಮಾರು 200 ಕಿಲೋಮೀಟರು ದಾರಿ. ಲೆಕ್ಕ ಹಾಕಿದೆವು: ಮೂವತ್ತು ಮೂವತ್ತೈದು ಮೀಟರಿಗೆ ಒಬ್ಬ ಮನುಷ್ಯ. ಈ ಆರು ಸಾವಿರದಲ್ಲಿ ಒಬ್ಬನ ಹೆಸರೂ ಯಾವ ಪುಸ್ತಕದಲ್ಲೂ ಇಲ್ಲ.

ಸೀಸರನ ಸಂಗತಿಯನ್ನು ಬೇಗ ಹೇಳಿಬಿಡುತ್ತೇವೆ. ಅವನು ಚರಿತ್ರೆ ಬರೆಯುವ ಕೆಲಸವನ್ನೂ ಇನ್ನೊಬ್ಬರಿಗೆ ಬಿಡಲಿಲ್ಲ. ಗಾಲ್ ದೇಶವನ್ನು ತುಳಿದದ್ದನ್ನು ತಾನೇ ಬರೆದ, ಅದೂ ‘ನಾನು’ ಅನ್ನದೆ ‘ಸೀಸರ್ ಹೀಗೆ ಮಾಡಿದ’ ಅಂತ, ಯಾರೋ ಪಕ್ಕದಲ್ಲಿ ನಿಂತು ನೋಡಿದ ಹಾಗೆ. ಅವನ ಎದುರು ಗಾಲ್ ಜನರನ್ನು ಒಟ್ಟು ಮಾಡಿದ ವೆರ್ಸಿಂಜೆಟೊರಿಕ್ಸ್ ಆರು ವರ್ಷ ರೋಮಿನ ಸೆರೆಯಲ್ಲಿ ಕೊಳೆತು, ಮೆರವಣಿಗೆಯಲ್ಲಿ ತೋರಿಸಿಕೊಂಡು, ಕೊಲೆಯಾದ. ಅವನ ಬಗ್ಗೆ ತಿಳಿಯಬೇಕಾದರೆ ಈಗಲೂ ಹೆಚ್ಚಾಗಿ ಸೀಸರನ ಪುಸ್ತಕವನ್ನೇ ತೆಗೆಯಬೇಕು.

ಕತ್ತಿ ಹಿಡಿದವರ ಕತೆ ಹೀಗಾಯಿತು. ಹಡಗು ಹತ್ತಿದವರ ಕತೆ ಸ್ವಲ್ಪ ಬೇರೆ ಇರಬಹುದು, ಅವರು ಪಾಪ ಭೂಮಿ ಹುಡುಕಲು ಹೋದವರು ಅಂತ ನಾವು ಅಂದುಕೊಂಡಿದ್ದೆವು. ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದು ನೆನಪಿದೆ: ಭೂಮಿಯನ್ನು ಸುತ್ತಿದ ಮೊದಲಿಗ ಮೆಗಲನ್. ಮೇಷ್ಟ್ರಾದವರು ಈಗಲೂ ಹೀಗೆ ಹೇಳುತ್ತಿದ್ದರೆ ದಯವಿಟ್ಟು ನಿಲ್ಲಿಸಬೇಕು. ಮೆಗಲನ್ ಸುತ್ತಲಿಲ್ಲ. 1521ರ ಏಪ್ರಿಲ್ 27ರಂದು ಫಿಲಿಪೈನ್ಸಿನ ಮಕ್ತಾನ್ ದ್ವೀಪದಲ್ಲಿ, ಲಾಪುಲಾಪು ಎಂಬ ಅಲ್ಲಿಯ ಮುಖಂಡನ ಜನರೊಂದಿಗೆ ಕಾದಾಡುತ್ತಾ ಸತ್ತ. ಹೊರಟವರು ಇನ್ನೂರಕ್ಕೂ ಹೆಚ್ಚು. 1522ರ ಸೆಪ್ಟೆಂಬರಿನಲ್ಲಿ ವಿಕ್ಟೋರಿಯಾ ಎಂಬ ಒಂದೇ ಹಡಗಿನಲ್ಲಿ ಸ್ಪೇನ್ ಮುಟ್ಟಿದವರು ಹದಿನೆಂಟು ಮಂದಿ. ಆ ಹಡಗನ್ನು ತಂದ ಎಲ್ಕಾನೋಗೆ ರಾಜ ಒಂದು ಲಾಂಛನ ಕೊಟ್ಟ. ಮೇಲೆ ಭೂಗೋಳ, ನನ್ನನ್ನು ಮೊದಲು ಸುತ್ತಿದವನು ನೀನು ಅಂತ ಆ ಭೂಗೋಳವೇ ಹೇಳುವ ಲ್ಯಾಟಿನ್ ಬರಹ.

ಈ ಪಯಣದಲ್ಲಿ ಇನ್ನೊಬ್ಬನಿದ್ದ. ಮೆಗಲನ್‌ನ ಗುಲಾಮ. ಹಡಗಿನವರು ಇಟ್ಟ ಹೆಸರು ಎನ್ರಿಕೆ. ಅಪ್ಪ ಅಮ್ಮ ಇಟ್ಟ ಹೆಸರು ಕಾಗದಕ್ಕೆ ಬರಲಿಲ್ಲ. 1511ರಲ್ಲಿ ಪೋರ್ಚುಗೀಸರು ಮಲಕ್ಕಾವನ್ನು ಹಿಡಿದ ಮೇಲೆ ಮೆಗಲನ್‌ಗೆ ಸಿಕ್ಕ ಹುಡುಗ. ಮಲಕ್ಕಾದಿಂದ ಪಶ್ಚಿಮಕ್ಕೆ ಯುರೋಪಿಗೆ ಬಂದ, ಅಲ್ಲಿಂದ ಮತ್ತೆ ಪಶ್ಚಿಮಕ್ಕೇ ಸಾಗರಗಳನ್ನು ದಾಟಿ, 1521ರ ಮಾರ್ಚಿನಲ್ಲಿ ಫಿಲಿಪೈನ್ಸಿನ ದ್ವೀಪವೊಂದರ ಹತ್ತಿರ ದೋಣಿಯಲ್ಲಿ ಬಂದವರನ್ನು ತನ್ನ ಭಾಷೆಯಲ್ಲಿ ಮಾತಾಡಿಸಿದ. ಅವರಿಗೆ ಅರ್ಥವಾಯಿತು. ಭೂಮಿ ದುಂಡಗಿದೆ ಅನ್ನೋದಕ್ಕೆ ಒಬ್ಬ ಗುಲಾಮನ ನಾಲಿಗೆ ಸಾಕ್ಷಿಯಾದ ಗಳಿಗೆ ಅದು. ಆ ಹಡಗಿನ ಮೇಲೆ ತನ್ನ ಮಾತು ಕೇಳಿಬರುವ ಸೀಮೆಗೆ ಸುತ್ತಿ ಬಂದು ಸೇರಿದ ಮೊದಲ ಮನುಷ್ಯ ಅವನೇ.

ಮೆಗಲನ್ 1519ರಲ್ಲಿ ಬರೆಸಿದ ಉಯಿಲಿನಲ್ಲಿ, ತಾನು ಸತ್ತ ದಿನದಿಂದ ಎನ್ರಿಕೆಗೆ ಬಿಡುಗಡೆ, ಬದುಕಿಗೆ ಹತ್ತು ಸಾವಿರ ಮರವೇದಿ ಹಣ ಅಂತಿದೆ. ಧಣಿ ಸತ್ತ. ಹಡಗಿನ ಹೊಸ ಯಜಮಾನರಲ್ಲಿ ಒಬ್ಬನಾದ ಬಾರ್ಬೊಸ, ನೀನೇನೂ ಬಿಡುಗಡೆಯಾಗಿಲ್ಲ, ಊರಿಗೆ ಹೋದ ಮೇಲೆ ನಿನ್ನನ್ನು ಧಣಿಯ ಹೆಂಡತಿಗೆ ಒಪ್ಪಿಸುತ್ತೇವೆ, ಈಗ ಏಳದಿದ್ದರೆ ಚಾಟಿ ಏಟು ಬೀಳುತ್ತೆ ಅಂದ. ಎನ್ರಿಕೆ ಎದ್ದು ದಡಕ್ಕೆ ಹೋದ. ಕೆಲವೇ ದಿನದಲ್ಲಿ, ಮೇ 1ರಂದು, ಸೆಬು ರಾಜ ಊಟಕ್ಕೆ ಕರೆದು ಹಡಗಿನ ಮುಖ್ಯಸ್ಥರನ್ನೆಲ್ಲ ಕೊಲ್ಲಿಸಿದ. ರಾಜನ ಜೊತೆ ಸೇರಿ ಇದನ್ನು ಹೂಡಿದವನು ಎನ್ರಿಕೆಯೇ ಅಂತ ಆ ಪಯಣದ ದಿನಚರಿ ಬರೆದ ಪಿಗಾಫೆಟ್ಟಾ ಹೇಳುತ್ತಾನೆ. ಅಲ್ಲಿಗೆ ಅವನ ಕತೆ ಕತ್ತರಿಸಿಹೋಗುತ್ತದೆ. ಅವನು ಮಲಕ್ಕಾ ಮುಟ್ಟಿದನೋ, ಅಲ್ಲೇ ಮದುವೆಯಾಗಿ ಮೀನು ಹಿಡಿದುಕೊಂಡಿದ್ದನೋ, ಹಡಗು ಕಣ್ಮರೆಯಾದ ಕೂಡಲೇ ಪುಸ್ತಕಕ್ಕೂ ಅವನು ಕಣ್ಮರೆ. ಭಾಷೆ ಬಲ್ಲ ಗುಲಾಮ, ಉಯಿಲು ಬರೆದ ಧಣಿ, ಉಯಿಲು ಮುರಿದ ಯಜಮಾನ, ಸೇಡು. ಇದಕ್ಕಿಂತ ದೊಡ್ಡ ಕತೆ ಆ ಹಡಗಿನಲ್ಲಿ ಇನ್ನೊಂದಿತ್ತೇ?

ಸ್ಟೀಫನ್ ಝ್ವೈಗ್ 1938ರಲ್ಲಿ ಮೆಗಲನ್ ಚರಿತ್ರೆ ಬರೆದ. ಒಳ್ಳೆಯ ಲೇಖಕ. ಹಿಟ್ಲರನ ಕಾಲದಲ್ಲಿ ಮನೆಮಠ ಬಿಟ್ಟು ಓಡಿದವನು, ನೊಂದವನು. ಸುಖವಾದ ಹಡಗಿನಲ್ಲಿ ದಕ್ಷಿಣ ಅಮೆರಿಕಕ್ಕೆ ಹೋಗುವಾಗ ತನಗೆ ಬೇಜಾರು ಬಂತಲ್ಲ ಅಂತ ನಾಚಿಕೆಯಾಗಿ, ಹಿಂದಿನವರು ಹೇಗೆ ಹೋಗಿದ್ದರು ಅಂತ ಹುಡುಕಲು ಹೊರಟು ಈ ಪುಸ್ತಕ ಬರೆದೆ ಅಂತ ಹೇಳಿಕೊಳ್ಳುತ್ತಾನೆ. ಆ ನಾಚಿಕೆ ನಮಗೆ ಹಿಡಿಸಿತು. ಎನ್ರಿಕೆಯ ಆ ಗಳಿಗೆಯ ಮಹತ್ವ ಕೂಡ ಅವನ ಕಣ್ಣಿಗೆ ಬಿದ್ದಿದೆ. ಬಿದ್ದರೂ, ಪುಸ್ತಕ ಮತ್ತೆ ಧಣಿಯ ಹಿಂದೆಯೇ ಹೋಗುತ್ತದೆ. ಒಬ್ಬ ಮನುಷ್ಯ, ಅವನ ಒಂದು ಸಾಹಸ ಅಂತ ಮೊದಲೇ ತಲೆಬರಹ ಇಟ್ಟುಕೊಂಡ ಮೇಲೆ ಇನ್ನೊಬ್ಬನಿಗೆ ಜಾಗ ಎಲ್ಲಿ? ಕಣ್ಣಿದ್ದವರೂ ಅಚ್ಚಿಗೆ ಸೋಲುತ್ತಾರೆ ಅನ್ನೋದಕ್ಕೆ ಈ ಹೆಸರು ಹೇಳಿದೆವು.

ಕಣ್ಣಿದ್ದೂ ಮುಚ್ಚಿಕೊಂಡವರದು ಬೇರೆ ಲೆಕ್ಕ. ಅಮೆರಿಕದ ಸ್ಯಾಮ್ಯುಯೆಲ್ ಎಲಿಯಟ್ ಮಾರಿಸನ್ ಕೊಲಂಬಸ್ ಬಗ್ಗೆ 1942ರಲ್ಲಿ ದೊಡ್ಡ ಗ್ರಂಥ ಬರೆದು ಪುಲಿಟ್ಜರ್ ಪ್ರಶಸ್ತಿ ತೆಗೆದುಕೊಂಡ. ಆಮೇಲೆ 1954ರಲ್ಲಿ ಬರೆದ ಚಿಕ್ಕ ಪುಸ್ತಕದಲ್ಲಿ, ಕೊಲಂಬಸ್ ಶುರುಮಾಡಿದ ನೀತಿಯಿಂದ ಅಲ್ಲಿಯ ಜನಾಂಗವೇ ನಿರ್ಮೂಲವಾಯಿತು ಅಂತ ಒಂದು ಮಾತಿನಲ್ಲಿ ಒಪ್ಪಿಕೊಂಡು, ಮುಂದಕ್ಕೆ ಅವನ ನಾವಿಕ ಜಾಣ್ಮೆಯನ್ನು ಹೊಗಳಲು ಹೊರಟುಹೋದ. ಹೊವರ್ಡ್ ಜಿನ್ 1980ರ ತನ್ನ ಜನಚರಿತ್ರೆಯ ಮೊದಲ ಅಧ್ಯಾಯದಲ್ಲೇ ಇದನ್ನು ಹಿಡಿದು ಕೇಳಿದ್ದಾನೆ: ಸುಳ್ಳು ಹೇಳುವುದು ಒಂದು, ಸತ್ಯವನ್ನು ಒಂದು ಸಾಲಿನಲ್ಲಿ ಹೇಳಿ ಮಿಕ್ಕ ಪುಟಗಳ ಅಡಿ ಹೂತುಬಿಡುವುದು ಇನ್ನೊಂದು; ಎರಡನೆಯದು ಹೆಚ್ಚು ಕೆಟ್ಟದ್ದು. ಈ ಹೂಳುವ ವಿದ್ಯೆ ನೆನಪಿರಲಿ, ನಮ್ಮ ಜಗಳಕ್ಕೆ ಇದು ಬೇಕಾಗುತ್ತದೆ.

ಈಗ ತೂಸಾಂ. ಕೆರೆಬಿಯನ್ ಸಮುದ್ರದ ಸಾಂ ದೊಮಿಂಗ್ ಫ್ರೆಂಚರ ವಸಾಹತು. 1789ರ ಹೊತ್ತಿಗೆ ಅಲ್ಲಿ ಸುಮಾರು ಐದು ಲಕ್ಷ ಗುಲಾಮರು. ಆಫ್ರಿಕಾದಿಂದ ಹಡಗಿನ ಹೊಟ್ಟೆಯಲ್ಲಿ ತುಂಬಿ ತಂದವರು. ಯುರೋಪಿನ ಮೇಜಿನ ಮೇಲಿನ ಸಕ್ಕರೆ ಕಾಫಿಯ ದೊಡ್ಡ ಪಾಲು ಅವರ ಬೆವರು. 1791ರ ಆಗಸ್ಟಿನಲ್ಲಿ ಅವರು ಎದ್ದರು, ಕಬ್ಬಿನ ಗದ್ದೆಗಳಿಗೆ ಬೆಂಕಿ ಬಿತ್ತು. ಆ ದಂಗೆಯೊಳಗಿಂದ ಬೆಳೆದ ನಾಯಕ ತೂಸಾಂ. ಫ್ರೆಂಚರು, ಸ್ಪ್ಯಾನಿಷರು, ಇಂಗ್ಲಿಷರು ಮೂವರ ಸೇನೆಯನ್ನೂ ಎದುರಿಸಿದ. 1801ರಲ್ಲಿ ಅವನು ತಂದ ಸಂವಿಧಾನ ಗುಲಾಮಗಿರಿ ಎಂದೆಂದಿಗೂ ಇಲ್ಲ ಎಂದು ಸಾರಿತು. 1802ರಲ್ಲಿ ನೆಪೋಲಿಯನ್ ಕಳಿಸಿದ ಸೈನ್ಯ ಮಾತಿಗೆ ಕರೆದು ಮೋಸದಿಂದ ಅವನನ್ನು ಹಿಡಿಯಿತು. 1803ರ ಏಪ್ರಿಲ್ 7ರಂದು ಫ್ರಾನ್ಸಿನ ಜೂರಾ ಬೆಟ್ಟಗಳ ಫೋರ್ ದ ಜೂ ಕೋಟೆಯ ಚಳಿಯಲ್ಲಿ ಅವನು ಸತ್ತ. ಅವನ ಜನ ಸೋಲಲಿಲ್ಲ. 1804ರ ಜನವರಿ 1ರಂದು ಹೈಟಿ ಸ್ವತಂತ್ರವಾಯಿತು. ಇಷ್ಟಕ್ಕೆ ಫ್ರಾನ್ಸು ಸುಮ್ಮನಾಗಲಿಲ್ಲ. 1825ರಲ್ಲಿ ಯುದ್ಧದ ಹಡಗುಗಳನ್ನು ತಂದು ನಿಲ್ಲಿಸಿ, ಕಳೆದುಕೊಂಡ ಆಸ್ತಿಗೆ ಪರಿಹಾರ ಅಂತ 15 ಕೋಟಿ ಫ್ರಾಂಕ್ ಕೇಳಿತು; ಆ ಆಸ್ತಿಯಲ್ಲಿ ಬಿಡುಗಡೆಯಾದ ಮನುಷ್ಯರೂ ಸೇರಿದ್ದರು. ಆಮೇಲೆ 9 ಕೋಟಿಗೆ ಇಳಿಸಿದರು. ಜೀತದಿಂದ ಬಿಡಿಸಿಕೊಂಡವನೇ ಧಣಿಗೆ ಸಾಲ ತೀರಿಸಿದ.

ಕೋಟೆಯ ಸೆರೆಯಲ್ಲಿ ತೂಸಾಂ ತನ್ನ ಸಮರ್ಥನೆಯನ್ನು ನೆಪೋಲಿಯನ್‌ಗೆ ಬರೆದ. ಗುಮಾಸ್ತನ ಕೈಲಿ ಬರೆಸಿದ್ದೂ ಇದೆ, ತನ್ನ ಕೈಯಲ್ಲೇ ಬರೆದದ್ದೂ ಇದೆ. ತನ್ನ ಕೈಬರಹದಲ್ಲಿ ಅವನು ಫ್ರೆಂಚನ್ನು ಕಿವಿಗೆ ಕೇಳಿದ ಹಾಗೆ ಬರೆದಿದ್ದಾನೆ. ಕಾಗುಣಿತವೆಲ್ಲ ತಪ್ಪು. ಹತ್ತಾರು ವರ್ಷದ ಮೇಲೆ ನೆಪೋಲಿಯನ್ನನೂ ದ್ವೀಪವೊಂದರಲ್ಲಿ ಸೆರೆಯಾದ. ಅವನು ಅಡ್ಡಾಡುತ್ತಾ ಹೇಳುತ್ತಿದ್ದ, ಪಕ್ಕದವರು ಬರೆದುಕೊಳ್ಳುತ್ತಿದ್ದರು. 1823ರಲ್ಲಿ ಅದು ಸಂಪುಟ ಸಂಪುಟವಾಗಿ ಅಚ್ಚಾಗಿ ಯುರೋಪೆಲ್ಲ ಓದಿತು. ತೂಸಾಂ ಬರೆದದ್ದು ಅಚ್ಚಾಗಲು 1853ರವರೆಗೆ ಕಾಯಬೇಕಾಯಿತು, ಅದನ್ನು ತಂದವನು ಸೇಂ ರೆಮಿ ಎಂಬ ಹೈಟಿಯವನೇ. ಅವನ ಕೈಬರಹವನ್ನು ಅವನದೇ ಕಾಗುಣಿತದಲ್ಲಿ, ಇಂಗ್ಲಿಷ್ ಅನುವಾದದ ಜೊತೆ, ಫಿಲಿಪ್ ಗಿರಾರ್ ಎಂಬ ಚರಿತ್ರಕಾರ ಅಚ್ಚುಮಾಡಿದ್ದು 2014ರಲ್ಲಿ. ಕೆಂಪು ಶಾಯಿಯಲ್ಲಿ ಗೀಟು ಹಾಕಿಸಿಕೊಂಡ ಕಾಪಿ ಪುಸ್ತಕ ಇನ್ನೂ ಮನೆಯಲ್ಲಿಟ್ಟುಕೊಂಡಿರುವ ನಮಗೆ ಆ ಪುಟಗಳ ಬಗ್ಗೆ ಓದಿದಾಗ ಕೈ ಸ್ವಲ್ಪ ನಡುಗಿತು.

ತೂಸಾಂ ಬಗ್ಗೆ ಬರೆದವರಲ್ಲಿ ನಾವು ಗುರು ಅಂತ ಹಿಡಿದದ್ದು ಟ್ರಿನಿಡಾಡಿನ ಸಿ.ಎಲ್.ಆರ್. ಜೇಮ್ಸ್‌ನನ್ನು. ಅವನೂ ಕರಿಯ, ಅವನೂ ಇಂಗ್ಲಿಷರ ವಸಾಹತಿನಲ್ಲಿ ಹುಟ್ಟಿದವನು. ‘ದಿ ಬ್ಲ್ಯಾಕ್ ಜಾಕೊಬಿನ್ಸ್’ ಬಂದದ್ದು 1938ರಲ್ಲಿ, ಝ್ವೈಗನ ಮೆಗಲನ್ ಬಂದ ವರ್ಷವೇ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಜೇಮ್ಸ್ ತೂಸಾಂ ಹುಟ್ಟಿದ ಗಳಿಗೆಯಿಂದ, ಅವನ ತಾಯಿಯ ಕನಸಿನಿಂದ ಶುರುಮಾಡುವುದಿಲ್ಲ. ಮೊದಲ ಅಧ್ಯಾಯದ ಹೆಸರು ‘ಆಸ್ತಿ’, ಎರಡನೆಯದು ‘ಮಾಲೀಕರು’. ಆಸ್ತಿ ಅಂದರೆ ಗುಲಾಮರು. ಅವರು ಏನು ಉಣ್ಣುತ್ತಿದ್ದರು, ಹೇಗೆ ಏಟು ತಿನ್ನುತ್ತಿದ್ದರು, ಹೇಗೆ ಹಾಡುತ್ತಿದ್ದರು, ಹೇಗೆ ವಿಷ ಹಾಕುತ್ತಿದ್ದರು, ಹೇಗೆ ಕಾಡಿಗೆ ಓಡುತ್ತಿದ್ದರು, ಅದೆಲ್ಲ ಆದ ಮೇಲೆ ನಾಯಕ. ಕ್ರಾಂತಿಯನ್ನು ತೂಸಾಂ ಮಾಡಿದ ಅನ್ನುವುದಕ್ಕಿಂತ ಕ್ರಾಂತಿ ಅವನನ್ನು ಮಾಡಿತು ಅನ್ನೋದು ಜೇಮ್ಸ್ ವಾದ. ಅದೂ ಪೂರ್ತಿ ನಿಜವಲ್ಲ ಅಂತ ತಾನೇ ಸೇರಿಸುತ್ತಾನೆ. ಇಲ್ಲಿ ಹಾವು ಬರುವುದಿಲ್ಲ.

ನಮ್ಮ ಜಗಳದ ಪುಟ ಈ ಪುಸ್ತಕದಿಂದಲೇ ಬಂದದ್ದು. 1801ರ ಕೊನೆಗೆ ದ್ವೀಪದ ಉತ್ತರ ಭಾಗದಲ್ಲಿ ಕೂಲಿಗಳು ಮತ್ತೆ ದಂಗೆ ಎದ್ದರು. ಗುಲಾಮಗಿರಿ ಹೋಗಿತ್ತು. ಆದರೆ ತೂಸಾಂ ತೋಟದ ಉತ್ಪನ್ನ ನಿಲ್ಲಬಾರದು ಅಂತ ಕೂಲಿಗಳು ತಮ್ಮ ತೋಟ ಬಿಟ್ಟು ಕದಲಬಾರದು ಎಂದು ಕಾನೂನು ಮಾಡಿದ್ದ, ಬಿಳಿಯ ಮಾಲೀಕರನ್ನು ವಾಪಸು ಕರೆದು ಕೂರಿಸಿದ್ದ, ತನ್ನನ್ನು ಆಜೀವ ಗವರ್ನರ್ ಮಾಡಿಕೊಂಡಿದ್ದ. ಮತ್ತೆ ಅದೇ ಗದ್ದೆ, ಅದೇ ಧಣಿ. ದಂಗೆ ಎದ್ದವರು ಕೂಗಿದ್ದು ಮೊಯೀಸ್ ಹೆಸರನ್ನು. ಮೊಯೀಸ್ ತೂಸಾಂನ ದತ್ತು ಸೋದರಳಿಯ, ಸೇನಾಪತಿ, ಕೂಲಿಗಳ ಪರ ಮಾತಾಡುತ್ತಿದ್ದವನು, ತೋಟಗಳನ್ನು ಹಂಚಿಬಿಡಿ ಅನ್ನುತ್ತಿದ್ದವನು. ತೂಸಾಂ ಅವನನ್ನು ಗುಂಡಿಟ್ಟು ಕೊಲ್ಲಿಸಿದ. ಜೇಮ್ಸ್ ಇದನ್ನು ಮುಚ್ಚುವುದಿಲ್ಲ, ಒಂದು ಸಾಲಿನಲ್ಲಿ ಹೇಳಿ ಓಡುವುದೂ ಇಲ್ಲ. ಇದು ತಪ್ಪು ಅನ್ನುವುದನ್ನೂ ಮೀರಿದ ಅಪರಾಧ ಅಂತ ಬರೆಯುತ್ತಾನೆ. ತೂಸಾಂ ತನ್ನ ಜನರಿಗೆ ತಾನೇನು ಮಾಡುತ್ತಿದ್ದೇನೆ ಅಂತ ಬಿಡಿಸಿ ಹೇಳಲಿಲ್ಲ, ಅಪ್ಪಣೆ ಕೊಟ್ಟ, ಜನ ಅವನಿಂದ ದೂರವಾದರು, ಫ್ರೆಂಚರು ಬಂದಾಗ ಅದರ ಬೆಲೆ ತೆತ್ತ. ಇಷ್ಟು ಬರೆದೂ ಜೇಮ್ಸ್‌ಗೆ ತೂಸಾಂ ಮೇಲಿನ ಪ್ರೀತಿ ಕಡಿಮೆಯಾಗಿಲ್ಲ. ಅವನು ಸತ್ತದ್ದನ್ನು ಓದುವಾಗ ಅದು ಗೊತ್ತಾಗುತ್ತದೆ.

ಜೇಮ್ಸ್‌ಗೆ 1938ರಲ್ಲಿ ಗೊತ್ತಿಲ್ಲದ ಇನ್ನೊಂದು ಸಂಗತಿಯಿದೆ. ತೂಸಾಂ ದಂಗೆಗೆ ಮುಂಚೆಯೇ ಬಿಡುಗಡೆ ಪಡೆದಿದ್ದ, ಕಾಫಿ ತೋಟವೊಂದನ್ನು ಗುಲಾಮರ ಸಮೇತ ಗುತ್ತಿಗೆಗೆ ಹಿಡಿದಿದ್ದ ಅಂತ ತೋರಿಸುವ ದಾಖಲೆಗಳನ್ನು 1977ರಲ್ಲಿ ಸಂಶೋಧಕರು ಹೊರಗೆ ತಂದರು. ಗುಲಾಮರ ನಾಯಕ ಸ್ವಲ್ಪಕಾಲ ಗುಲಾಮರನ್ನು ದುಡಿಸಿಕೊಂಡವನೂ ಆಗಿದ್ದ.

ಇವೆರಡನ್ನೂ ನಮ್ಮ ಕಿರುಹೊತ್ತಿಗೆಯಲ್ಲಿ ಒಂದು ಪುಟಕ್ಕೆ ತಂದೆವು. ಗೆಳೆಯರು ಓದಿದರು. ‘ಈ ಪುಟ ಕಿತ್ತಾಕು’ ಅಂದರು.

ಅವರ ಮಾತನ್ನು ನಾವು ಹಗುರ ಮಾಡುವುದಿಲ್ಲ. ಅವರಂದದ್ದು ಹೀಗೆ: ‘ಅವರ ಮನೆ ಮಕ್ಕಳಿಗೆ ಗೋಡೆ ತುಂಬಾ ಪಟಗಳಿವೆ. ನಮ್ಮ ಮಕ್ಕಳಿಗೆ ಇರೋದು ಒಂದೋ ಎರಡೋ. ಅದರ ಮೇಲೂ ನೀವೇ ಮಸಿ ಬಳಿದರೆ ಆ ಮಗು ಯಾರನ್ನು ನೋಡಿಕೊಂಡು ಎದೆ ಸೆಟೆಸಿ ನಡೀಬೇಕು? ನಾಳೆ ಎದುರಾಳಿಗಳು ಇದೇ ಪುಟ ಹಿಡಿದು, ನೋಡ್ರಪ್ಪಾ ನಿಮ್ಮ ನಾಯಕ ಅಂತ ಕೇಳಲ್ವಾ? ಜೋತಿಬಾ ಫುಲೆಯವರೇ 1869ರಲ್ಲಿ ಶಿವಾಜಿ ಮೇಲೆ ಪೋವಾಡಾ ಬರೆದು ಹೊಗಳಿಲ್ಲವಾ?’ ಇದನ್ನು ಹೇಳಿದ ಗೆಳೆಯರು ಕೂಲಿ ಮಾಡಿಕೊಂಡು ಬಿ.ಎ. ಮುಗಿಸಿದವರು. ಗುಡಿಸಲ ಗೋಡೆಯ ಮೇಲಿನ ಬಾಬಾಸಾಹೇಬರ ಒಂದು ಪಟ ಮನುಷ್ಯನಿಗೆ ಏನು ಮಾಡಬಲ್ಲದು ಅಂತ ಅವರಿಗೆ ಗೊತ್ತು, ನಮಗೂ ಗೊತ್ತು. ಅರಮನೆಯ ಪಟವೂ ಗುಡಿಸಲಿನ ಪಟವೂ ಒಂದೇ ಅಂತ ಹೇಳುವ ಜಾಣರ ಜೊತೆ ನಾವಿಲ್ಲ. (ಈ ಲೇಖನದಲ್ಲಿ ಸೀಸರ್ ಇಂದ ತೂಸಾಂವರೆಗೆ ಎಲ್ಲರನ್ನೂ ‘ಅವನು’ ಎಂದಿದ್ದೇವೆ, ಫುಲೆ, ಅಂಬೇಡ್ಕರ್ ಇಬ್ಬರನ್ನು ಬಿಟ್ಟು. ಅದು ನಮ್ಮ ಪಕ್ಷಪಾತ, ಒಪ್ಪಿಕೊಳ್ಳುತ್ತೇವೆ.)

ಆದರೂ ಪುಟ ಕೀಳಲು ನಾವು ಒಪ್ಪಲಿಲ್ಲ. ಯಾಕೆ?

ಪುಟ ಕಿತ್ತರೆ ಹೋಗುವವನು ತೂಸಾಂ ಅಲ್ಲ, ಮೊಯೀಸ್. ತೋಟ ಹಂಚಿ ಅಂದ ಕೂಲಿಗಳು. ಬಂಡಾಯದ ಒಳಗಿನ ಬಂಡಾಯ. ಪ್ಲುಟಾರ್ಕನ ಪುಸ್ತಕದಲ್ಲಿ ಆ ಹೆಂಗಸಿಗೆ ಹೆಸರಿಲ್ಲ, ಆರು ಸಾವಿರ ಮಂದಿಗೆ ಹೆಸರಿಲ್ಲ, ಮೆಗಲನ್ ಕತೆಯಲ್ಲಿ ಎನ್ರಿಕೆಗೆ ಜಾಗವಿಲ್ಲ ಅಂತ ಸಿಟ್ಟು ಮಾಡಿಕೊಂಡ ನಾವು, ನಮ್ಮ ಪುಸ್ತಕದಲ್ಲಿ ನಮ್ಮ ಕೈಯಾರೆ ಇನ್ನೊಬ್ಬನನ್ನು ಹೂಳುತ್ತೇವೆ. ಮಾರಿಸನ್ ಕೊಲಂಬಸ್‌ನಿಗಾಗಿ ಮಾಡಿದ್ದನ್ನು ನಾವು ತೂಸಾಂಗಾಗಿ ಮಾಡುತ್ತೇವೆ. ಮತ್ತೆ, ಎದುರಾಳಿಗಳು ಈ ಪುಟವನ್ನು ನಮ್ಮಿಂದ ಕಲಿಯಬೇಕಾಗಿಲ್ಲ, ಅವರು ಓದಿದವರು. ಗೊತ್ತಿಲ್ಲದೆ ಉಳಿಯೋದು ನಮ್ಮ ಮಗು ಒಂದೇ. ನಾಳೆ ಯಾವುದೋ ಲೈಬ್ರರಿಯಲ್ಲಿ ಅದು ಈ ಸತ್ಯವನ್ನು ಬೇರೆಯವರ ಬಾಯಿಂದ ಕೇಳಿ ಎದೆ ಒಡೆದುಕೊಳ್ಳುವುದಕ್ಕಿಂತ ನಮ್ಮ ಬಾಯಿಂದ ಕೇಳಲಿ.

ಫುಲೆಯವರ ಪೋವಾಡಾ ಮಾತು ನಿಜ. ಶಿವಾಜಿಯನ್ನು ಗೋಬ್ರಾಹ್ಮಣರ ಕಾವಲುಗಾರ ಅಂತ ಮಾಡುತ್ತಿದ್ದವರ ಕೈಯಿಂದ ಕಿತ್ತು, ದುಡಿಯುವ ಶೂದ್ರರ ರಾಜ ಅಂತ ಹಾಡಿದರು. ಆ ಹೊತ್ತಿಗೆ ಅದೇ ಜಗಳ. ಆದರೆ ನಾಲ್ಕೇ ವರ್ಷಕ್ಕೆ, 1873ರಲ್ಲಿ, ‘ಗುಲಾಮಗಿರಿ’ ಬರೆಯುವಾಗ ಅವರು ಹೊಗಳುವ ಹಾಡನ್ನು ಬಿಟ್ಟರು. ಆ ಪುಸ್ತಕ ಇಡೀ ಇಬ್ಬರ ಮಾತುಕತೆ. ಧೋಂಡಿಬಾ ಕೇಳುತ್ತಾನೆ, ಜೋತಿರಾವ್ ಉತ್ತರ ಕೊಡುತ್ತಾರೆ, ಅವನು ಮತ್ತೆ ಕೇಳುತ್ತಾನೆ. ಕರಿಯರ ಗುಲಾಮಗಿರಿ ತೊಲಗಿಸಿದ ಅಮೆರಿಕದ ಜನರಿಗೆ ಅದನ್ನು ಅರ್ಪಿಸಿದ್ದಾರೆ. ತೂಸಾಂ ಕತೆಗೂ ನಮಗೂ ಇರುವ ನಂಟು ಅಷ್ಟು ಹಳೆಯದು.

ಇನ್ನು ಬಾಬಾಸಾಹೇಬರು. 1943ರ ಜನವರಿ 18ರಂದು ಪುಣೆಯಲ್ಲಿ ರಾನಡೆಯವರ ಜಯಂತಿಗೆ ಅವರನ್ನು ಕರೆದಿದ್ದರು. ಜಯಂತಿ ಭಾಷಣ ಅಂದರೆ ಹೇಗಿರುತ್ತೆ ನಮಗೆಲ್ಲ ಗೊತ್ತು. ಅವರು ಆ ಮಂಟಪದಲ್ಲಿ ನಿಂತು, ಚರಿತ್ರೆಯನ್ನು ಮಹಾಪುರುಷರು ಮಾಡುತ್ತಾರೆಯೇ, ಮಹಾಪುರುಷ ಅಂದರೆ ಯಾರು ಅಂತಲೇ ಪ್ರಶ್ನೆ ಎತ್ತಿದರು. ಅಲೆಕ್ಸಾಂಡರ್, ಸೀಸರ್, ತೈಮೂರರಂಥ ಯುದ್ಧವೀರರನ್ನೂ ತೂಗಿ ನೋಡಿದರು. ಕೊನೆಗೆ ಅವರು ಒಪ್ಪಿಕೊಂಡ ಅಳತೆಯೇ ಬೇರೆ: ಸಾಮಾಜಿಕ ಉದ್ದೇಶವೊಂದು ಅವನನ್ನು ನಡೆಸಬೇಕು, ಅವನು ಸಮಾಜಕ್ಕೆ ಚಾಟಿಯೂ ಆಗಬೇಕು, ಜಾಡಮಾಲಿಯೂ ಆಗಬೇಕು. ಜಾಡಮಾಲಿ ಅನ್ನುವ ಪದವನ್ನು ಮಹಾಪುರುಷನ ಪಕ್ಕದಲ್ಲಿ ತಂದಿಡುವ ಧೈರ್ಯ ಪ್ಲುಟಾರ್ಕನಿಗೆ ಬರುವಂತಿರಲಿಲ್ಲ. ಆ ಭಾಷಣವನ್ನು ಪುಸ್ತಕ ಮಾಡುವಾಗ, ತಾವು ಮೂರ್ತಿಗಳನ್ನು ಪೂಜಿಸುವವರಲ್ಲ, ಒಡೆಯುವವರು ಅನ್ನೋ ಅರ್ಥದ ಮಾತನ್ನು ಮುನ್ನುಡಿಯಲ್ಲಿ ಬರೆದರು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ರಾಜಕೀಯದ ಭಕ್ತಿ ಅಧೋಗತಿಗೆ ದಾರಿ ಅಂತ ಎಚ್ಚರಿಸಿದವರೂ ಅವರೇ. ಅವರ ಪಟದ ಕೆಳಗೆ ಕೂತು ‘ಈ ಪುಟ ಕಿತ್ತಾಕು’ ಅನ್ನೋದು ಹೇಗೆ ಗೆಳೆಯರೆ?

ಜೇಮ್ಸ್ ಕೂಡ ತನ್ನ ಪುಸ್ತಕವನ್ನು ಪೂಜೆಗಿಡಲಿಲ್ಲ. 1971ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಕರಿಯ ವಿದ್ಯಾರ್ಥಿಗಳ ಮುಂದೆ ಮಾತಾಡುತ್ತಾ, ಈಗ ಬರೆಯುವುದಾದರೆ ನೋಡುಗರು ಗುಲಾಮರ ಬಗ್ಗೆ ಹೇಳಿದ್ದನ್ನು ಕಡಿಮೆ ಮಾಡಿ, ಗುಲಾಮರೇ ಹೇಳಿದ್ದನ್ನು ಹುಡುಕಿ ಹಾಕುತ್ತೇನೆ, ಮುಂದಾಳುಗಳ ಕೆಳಗಿದ್ದ ಸಾವಿರಾರು ಸಣ್ಣ ನಾಯಕರನ್ನು ತರುತ್ತೇನೆ ಅಂತ ಹೇಳಿದ. ಎಪ್ಪತ್ತು ವರ್ಷದ ಮುದುಕ, ಲೋಕವೆಲ್ಲ ಮೆಚ್ಚಿದ ಪುಸ್ತಕ, ಆದರೂ ಹೀಗೆ. 1990ರಲ್ಲಿ ಕ್ಯಾರೊಲಿನ್ ಫಿಕ್ ಎಂಬ ಚರಿತ್ರಕಾರ್ತಿ ಹೈಟಿಯ ಕ್ರಾಂತಿಯನ್ನು ಕೆಳಗಿನಿಂದ ನೋಡಿ ಬರೆದ ಪುಸ್ತಕ ಬಂತು. ಅಲ್ಲಿ ತೂಸಾಂ ಇದ್ದಾನೆ, ಆದರೆ ಅವನ ಬೆನ್ನ ಹಿಂದೆ ಇದ್ದ ಗದ್ದೆ ಈಗ ಮುಂದಕ್ಕೆ ಬಂದಿದೆ.

ನಾವು ಮಾಡಿರುವುದು ಇಷ್ಟು. ಕಿರುಹೊತ್ತಿಗೆಯನ್ನು ಒಡೆದು ಮತ್ತೆ ಬರೆಯುತ್ತಿದ್ದೇವೆ, ಫುಲೆಯವರಿಂದ ಸಾಲ ತಂದ ಪ್ರಶ್ನೋತ್ತರದ ರೂಪದಲ್ಲಿ. ಒಬ್ಬ ಹುಡುಗಿ ಕೇಳುತ್ತಾಳೆ, ಒಬ್ಬ ರಾತ್ರಿಶಾಲೆ ಮೇಷ್ಟ್ರು ಹೇಳುತ್ತಾರೆ, ಕೆಲವು ಕಡೆ ಮೇಷ್ಟ್ರಿಗೆ ಉತ್ತರ ಹೊಳೆಯುವುದಿಲ್ಲ. ಮೊದಲ ಪುಟದಲ್ಲಿ ಸಕ್ಕರೆ ಇದೆ, ತೂಸಾಂ ಐದನೆಯ ಪುಟದಲ್ಲಿ ಬರುತ್ತಾನೆ. ಮೊಯೀಸ್ ಹತ್ತೊಂಬತ್ತನೆಯ ಪುಟದಲ್ಲಿದ್ದಾನೆ. ಅಲ್ಲಿ ಹುಡುಗಿ, ‘ತೂಸಾಂ ಯಾಕೆ ಹಂಗ್ಮಾಡ್ದ ಸಾರ್?’ ಅಂತ ಕೇಳುತ್ತಾಳೆ. ಮೇಷ್ಟ್ರ ಉತ್ತರವನ್ನು ಮೂರು ಸಲ ಬರೆದು ಮೂರು ಸಲ ಹೊಡೆದುಹಾಕಿದ್ದೇವೆ. ಪುಟ ಇರಬೇಕು ಅನ್ನೋರು, ಕಿತ್ತುಹಾಕಬೇಕು ಅನ್ನೋರು, ಆ ಉತ್ತರ ಏನಿರಬೇಕು ಅಂತ ತಿಳಿದೋರು, ಮುಂದಿನ ಸಂಚಿಕೆಯೊಳಗೆ ಪತ್ರಿಕೆಯ ವಿಳಾಸಕ್ಕೆ ಬರೆಯಬೇಕು. ಕಾಗುಣಿತದ ಚಿಂತೆ ಬೇಡ.